ಹಿಂದಿನ ಸೀಟಿಗೆ ಬಂದ ಮೆತ್ತೆ

ಮುಳವಾಡದ ಹತ್ತಿರ ಹಾಯ್ದು ಹೋಗುವ ಹೆದ್ದಾರಿಗೆ ಸರ್ಕಾರ ಈಗ 52 ಎಂಬ ಸಂಖ್ಯೆ ಕೊಟ್ಟಿದೆ. ಹಳಬರಿಗೆ ಅದು ಇನ್ನೂ 218. ಬಡಗಣಕ್ಕೆ ಹೋದರೆ ವಿಜಯಪುರ. ತೆಂಕಣಕ್ಕೆ ಹೋದರೆ ಕೊಲ್ಹಾರ, ಕೃಷ್ಣೆಯ ಹಿನ್ನೀರು, ಅದನ್ನು ದಾಟಿ ನರಗುಂದ, ನವಲಗುಂದ, ಕೊನೆಗೆ ಹುಬ್ಬಳ್ಳಿ. ಸುತ್ತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರಿ ಭೂಮಿ. ಗಿಡಮರ ಕಡಿಮೆ, ಬಯಲು ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡರೆ ಬಿಡದ ಕಪ್ಪು ಮಣ್ಣು. ಇಂಥ ನಾಡಿನಲ್ಲಿ ಬೈಕ್ ಮೇಲೆ ದಿನಗಟ್ಟಲೆ ಹೋಗುವುದು ಯಾರಿಗೂ ಶೋಕಿಯಾಗಿರಲಿಲ್ಲ. ಪಂಢರಪುರಕ್ಕೆ, ತುಳಜಾಪುರಕ್ಕೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಬೀಗರ ಊರಿನ ಲಗ್ನಕ್ಕೆ, ಗೋವಾದ ಕೂಲಿಗೆ ಹೋಗಬೇಕಾದವರು ಇದ್ದ ಗಾಡಿ ಹತ್ತಿ ಹೊರಟರು.

ಹೊರಟವರು ಬಹುಪಾಲು ಒಬ್ಬರಲ್ಲ, ಇಬ್ಬರು. ಬೈಕಿನ ಇತಿಹಾಸ ಬರೆದವರು ಮಾತ್ರ ಮುಂದೆ ಕೂತವನ ಬಗ್ಗೆಯೇ ಬರೆದರು. ಎಂಜಿನ್ ಎಷ್ಟು ಶಕ್ತಿಯದು, ವೇಗ ಎಷ್ಟು, ಹ್ಯಾಂಡಲ್ ಹೇಗಿದೆ ಎಂಬುದೆಲ್ಲ ಅವನ ಕಥೆ. ಹಿಂದೆ ಕೂತವರ ಸೊಂಟದ ಕಥೆ ಕಂಪನಿಗಳ ಕಡತಕ್ಕಿಂತ ಹೆಚ್ಚಾಗಿ ಊರಿನ ಕುಷನ್ ಅಂಗಡಿಗಳಲ್ಲಿ, ಮನೆಯ ಕೌದಿಗಳಲ್ಲಿ, ಕಾನೂನಿನ ಒಂದು ಸಣ್ಣ ನಿಯಮದಲ್ಲಿ ಸಿಗುತ್ತದೆ.

ಬೈಕಿಗಿಂತ ಮೊದಲು ಚಕ್ಕಡಿ ಇತ್ತು. ಕಟ್ಟಿಗೆಯ ಗಾಲಿ, ಅದರ ಸುತ್ತ ಕಬ್ಬಿಣದ ಹಳಿ, ನಡುವೆ ಇರುಸು. ಸ್ಪ್ರಿಂಗ್ ಎಂಬ ಮಾತೇ ಇಲ್ಲ. ನೆಲದ ಪ್ರತಿ ಕಲ್ಲೂ ನೇರವಾಗಿ ಬೆನ್ನುಹುರಿಗೆ ಮುಟ್ಟುತ್ತಿತ್ತು. ಅದಕ್ಕೆ ಉಪಾಯವೆಂದರೆ ಕೆಳಗೆ ದಪ್ಪಗೆ ಹೊಟ್ಟು ಅಥವಾ ಕಣಿಕೆ ಹಾಸಿ, ಮೇಲೆ ಕೌದಿ ಹಾಸುವುದು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಒತ್ತೊತ್ತಾಗಿ ಹೊಲಿಗೆ ಹಾಕಿದ ಕೌದಿಗೆ ಒಂದು ಗುಣವಿದೆ: ಕೂತರೆ ಪೂರ್ತಿ ಅಮರಿ ಹೋಗುವುದಿಲ್ಲ, ಬೆವರನ್ನು ಹೀರಿಕೊಳ್ಳುತ್ತದೆ, ಬಿಸಿಲಿಗೆ ಸುಡುವುದಿಲ್ಲ. ಇವತ್ತಿನ ಸೀಟು ಮಾಡುವ ಎಂಜಿನಿಯರ್ ಹುಡುಕುವುದೂ ಈ ಮೂರನ್ನೇ. ಜಾತ್ರೆಗೆ ಹೋಗುವ ಚಕ್ಕಡಿಯಲ್ಲಿ ಒಳ್ಳೆಯ ಕೌದಿ ಬಾಣಂತಿಗೆ, ಮುದುಕಿಗೆ, ಮಕ್ಕಳಿಗೆ. ಎತ್ತು ಹೊಡೆಯುವವನು ಮೂಕಿಯ ಮೇಲೆ ಬರಿ ಕಟ್ಟಿಗೆಗೆ ಕೂತು ಹೋಗುತ್ತಿದ್ದ. ಮೆತ್ತೆ ಮೊದಲು ಹಿಂದಿನವರಿಗೆ ಸಲ್ಲುತ್ತಿತ್ತು. ಬೈಕ್ ಬಂದ ಮೇಲೆ ಈ ಲೆಕ್ಕ ತಿರುಗಿತು.

ಕುದುರೆಯದು ಬೇರೆ ಕಥೆ. ಭೀಮಾ ತೀರದ ಭೀಮಥಡಿ ತಳಿಯ ಕುದುರೆಗಳು ದಖನಿನ ಸೈನ್ಯಗಳಲ್ಲಿ ಹೆಸರಾಗಿದ್ದವು. ಎತ್ತರ ಹೆಚ್ಚಿಲ್ಲದಿದ್ದರೂ ದೂರದ ದಾರಿಗೆ ಗಟ್ಟಿ. ಜೀನಿನ ಕೆಳಗೆ ಹಾಸುವ ಕಂಬಳಿ ಸವಾರನಿಗಿಂತ ಹೆಚ್ಚಾಗಿ ಕುದುರೆಯ ಬೆನ್ನು ಹುಣ್ಣಾಗದಿರಲೆಂದು. ದಾರಿಹೋಕರ ಸುಖಕ್ಕೆ ಆದಿಲಶಾಹಿಗಳು ಕೊಟ್ಟಿದ್ದು ಮೆತ್ತೆಯಲ್ಲ, ತಂಗುದಾಣ. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1620ರ ಹೊತ್ತಿಗೆ ವಿಜಯಪುರದಲ್ಲಿ ಕಟ್ಟಿದ ತಾಜ್ ಬಾವಡಿಯ ಎರಡು ಬದಿಗೆ ಪ್ರಯಾಣಿಕರು ಇಳಿದುಕೊಳ್ಳಲು ಕೋಣೆಗಳಿದ್ದವು. ದಣಿದ ಮೈಗೆ ನೀರು, ನೆರಳು. ಅದೇ ನಗರದ ಮುಸ್ತಫಾ ಖಾನನ ಸರಾಯಿಯನ್ನು ಬ್ರಿಟಿಷರು ಜೈಲು ಮಾಡಿಕೊಂಡರು. ದಾರಿಹೋಕರಿಗೆಂದು ಕಟ್ಟಿದ ಕೋಣೆಯಲ್ಲಿ ಕೈದಿಗಳು ಮಲಗುವಂತಾಯಿತು.

ಈ ಹೆದ್ದಾರಿಯ ಮೇಲಿರುವ ನವಲಗುಂದವನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಜಮಖಾನೆ ನೇಯುವವರ ಹಿರೀಕರು ಆದಿಲಶಾಹಿ ಕಾಲದ ಯುದ್ಧಗಳ ಗದ್ದಲದಲ್ಲಿ ವಿಜಯಪುರದಿಂದ ಹೋಗಿ ನೆಲೆಸಿದವರು ಎಂಬ ಹೇಳಿಕೆ ಇದೆ. ಆ ಜಮಖಾನೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕೂಡುವುದಕ್ಕೆ ಹಾಸುವ ಬಟ್ಟೆಯನ್ನು ಇಷ್ಟು ಮುತುವರ್ಜಿಯಿಂದ ಮಾಡಿದ ದಾರಿ ಇದು.

1884ರಲ್ಲಿ ಹೊಟಗಿ–ಗದಗ ಮೀಟರ್ ಗೇಜ್ ರೈಲು ಬಂತು. ದೂರದ ಪ್ರಯಾಣವನ್ನು ಅದು ಚಕ್ಕಡಿಯಿಂದ ಕಸಿದುಕೊಂಡಿತು. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿ ಮಾತ್ರ ಎತ್ತುಗಳ ಪಾಲಿಗೇ ಉಳಿಯಿತು.

ರೈಲು ಬಂದ ಮರುವರ್ಷ, 1885ರಲ್ಲಿ, ಜರ್ಮನಿಯಲ್ಲಿ ಗಾಟ್‌ಲೀಬ್ ಡೈಮ್ಲರ್ ಕಟ್ಟಿಗೆಯ ಚೌಕಟ್ಟಿಗೆ ಎಂಜಿನ್ ಜೋಡಿಸಿದ. ಅವನ ಮಗ ಪಾಲ್ ಅದನ್ನು ಕಾನ್‌ಸ್ಟಾಟ್‌ನಿಂದ ಓಡಿಸಿಕೊಂಡು ಹೋದ. ಎಂಜಿನನ್ನು ಹೊತ್ತಿಸುವ ಕಾದ ಕೊಳವೆ ಸೀಟಿನ ಕೆಳಗೇ ಇದ್ದುದರಿಂದ ಸೀಟಿಗೆ ಬೆಂಕಿ ಹತ್ತಿತಂತೆ. ಜಗತ್ತಿನ ಮೊದಲ ಮೋಟರ್‌ಸೈಕಲ್ ಸವಾರಿಯಲ್ಲಿ ಮೊದಲು ಕಷ್ಟ ಕಂಡ ಭಾಗವೂ ಸೀಟೇ.

ಆಮೇಲಿನ ಸುಧಾರಣೆಗಳು ಒಂದೊಂದಾಗಿ ಬಂದವು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಬರ್ಮಿಂಗ್‌ಹ್ಯಾಮ್‌ನ ಬ್ರೂಕ್ಸ್ ಕಂಪನಿ ಸೈಕಲ್ಲಿಗೆ ಮಾಡುತ್ತಿದ್ದ ಸ್ಪ್ರಿಂಗ್ ಇರುವ ಚರ್ಮದ ಸೀಟು ಮೋಟರ್‌ಸೈಕಲ್ಲಿಗೂ ಏರಿತು. ರಬ್ಬರ್ ಹಾಲಿನಿಂದ ಸ್ಪಂಜ್ ಮಾಡುವ ವಿಧಾನ 1929ರಲ್ಲಿ ಡನ್‌ಲಪ್ ಕಂಪನಿಯಲ್ಲಿ ಹುಟ್ಟಿತು. 1935ರಲ್ಲಿ ಬಿಎಂಡಬ್ಲ್ಯೂ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಗಾಡಿಗೆ ಹಾಕಿತು. ಮುಂದಿನ ಗಾಲಿ ಗುಂಡಿಗೆ ಬಿದ್ದರೂ ಕೈಗೆ ಪೆಟ್ಟು ಹತ್ತುವುದು ಕಡಿಮೆಯಾಯಿತು. ಹಿಂದಿನ ಗಾಲಿಗೆ ಮಾತ್ರ ಬಹುಕಾಲ ಏನೂ ಇಲ್ಲ. ಹಿಂದೆ ಕೂತವರಿಗೆ ಮಡ್‌ಗಾರ್ಡಿನ ಮೇಲೊಂದು ದಿಂಬು, ಅಷ್ಟೇ. ಗಾಲಿಯ ನೇರಕ್ಕೆ ಕೂತವರಿಗೆ ಏಟು ಜಾಸ್ತಿ ಎಂಬುದು ಚಕ್ಕಡಿಯಲ್ಲಿ ಹೋದ ಯಾರಿಗಾದರೂ ಗೊತ್ತಿದ್ದ ಸಂಗತಿ. ಹಿಂದಿನ ಗಾಲಿಯನ್ನು ತೂಗುತೋಳಿನ ಮೇಲೆ ನಿಲ್ಲಿಸಿ, ಎರಡು ಬದಿಗೆ ಶಾಕ್‌ಅಬ್ಸಾರ್ಬರ್ ಕೊಡುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರವೇ ಸಾಮಾನ್ಯವಾದದ್ದು. ರಾಯಲ್ ಎನ್‌ಫೀಲ್ಡ್ ಬುಲೆಟ್‌ಗೆ ಅದು 1949ರಲ್ಲಿ ಬಂತು. ಐದು ವರ್ಷದ ಮೇಲೆ ಭಾರತ ಸರ್ಕಾರ ಸೇನೆ ಮತ್ತು ಪೊಲೀಸರಿಗಾಗಿ 800 ಬುಲೆಟ್‌ಗಳಿಗೆ ಬೇಡಿಕೆ ಇಟ್ಟಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು.

ಕನ್ನಡ ನಾಡಿನ ಪಾಲು ಬಂದದ್ದು ಮೈಸೂರಿನಿಂದ. ಮುಂಬಯಿಯಲ್ಲಿ ಜೆಕ್ ದೇಶದ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಪಾರ್ಸಿ ಮನೆತನದ ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿ, ಆಮದಿಗೆ ತಡೆ ಬಿದ್ದ ಮೇಲೆ ಇಲ್ಲೇ ತಯಾರಿಸಲು ಮುಂದಾದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಯಾದವಗಿರಿಯ ಕಾರ್ಖಾನೆಯಲ್ಲಿ ಮರುವರ್ಷ ಗಾಡಿ ಸಿದ್ಧವಾಗತೊಡಗಿದವು. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್.

ಈ ಜಾವಾ 250 ಗಾಡಿಯನ್ನು ಹತ್ತಿರದಿಂದ ನೋಡಿದರೆ ಅದನ್ನು ರೂಪಿಸಿದವರು ದೂರದ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎನಿಸುತ್ತದೆ. ಟ್ಯಾಂಕಿನ ಎರಡು ಬದಿಗೆ ರಬ್ಬರ್ ಪಟ್ಟಿ. ಮೊಣಕಾಲನ್ನು ಅದಕ್ಕೆ ಒತ್ತಿಕೊಂಡರೆ ಮೈಭಾರ ಪೂರ್ತಿ ಸೀಟಿನ ಮೇಲೆ ಬೀಳದು. ಗಾಲಿ 16 ಇಂಚಿನವು, ಹಾಗಾಗಿ ಸೀಟಿನ ಎತ್ತರ ಕಡಿಮೆ. ಕುಳ್ಳಗಿನವನಿಗೂ ಎರಡೂ ಕಾಲು ನೆಲಕ್ಕೆ ಎಟಕುತ್ತಿದ್ದವು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತಿತ್ತು, ಎಡಗೈಗೆ ಅಷ್ಟು ಬಿಡುವು. ಹಿಂದೆ ತೂಗುತೋಳು, ಅದರ ಮೇಲೆ ಇಬ್ಬರೂ ಕೂಡುವ ಒಂದೇ ಉದ್ದ ಸೀಟು. ಎರಿ ಸೀಮೆಯವರಿಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಚೈನನ್ನು ಪೂರ್ತಿ ಮುಚ್ಚಿದ ತಗಡಿನ ಡಬ್ಬಿ. ಧೂಳು ಒಳಗೆ ಹೋಗದು, ಎಣ್ಣೆ ಹೊರಗೆ ಸಿಡಿಯದು. ಬಿಳಿ ಧೋತರ ಉಟ್ಟವನು ಬಿಳಿ ಧೋತರದಲ್ಲೇ ಊರು ಮುಟ್ಟುತ್ತಿದ್ದ. ಸೀರೆ ಉಟ್ಟವರಿಗೂ ಆ ಡಬ್ಬಿ ಒಂದು ಕಾವಲು.

1973ರಿಂದ ಅದೇ ಗಾಡಿ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರೇ ಹೆದ್ದಾರಿಯದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಫಟಫಟಿ. ಗೌಡರ ಮನೆಯಲ್ಲಿ, ಸಾಹುಕಾರರ ಮನೆಯಲ್ಲಿ ಬುಲೆಟ್ ಅಥವಾ ಯೆಜ್ಡಿ. ಹಾಲಿನವರಿಗೆ, ಕಾಳುಕಡಿ ವ್ಯಾಪಾರದವರಿಗೆ ರಾಜದೂತ. ಎಸ್ಕಾರ್ಟ್ಸ್ ಕಂಪನಿ 1962ರಿಂದ ಪೋಲೆಂಡಿನ ಮಾದರಿ ಇಟ್ಟುಕೊಂಡು ತಯಾರಿಸಿದ ರಾಜದೂತಕ್ಕೆ ಮುಂದೆಯೂ ತೂಗುತೋಳಿನ ಫೋರ್ಕ್ ಇತ್ತು. ನೋಡಲು ಒರಟು, ಕೆಟ್ಟ ದಾರಿಯಲ್ಲಿ ಮಾತ್ರ ನಂಬಿಗಸ್ತ. ಹಾಲಿನ ಕ್ಯಾನುಗಳು ಎರಡು ಬದಿಗೆ ಜೋತು ಬಿದ್ದಾಗ ಹಿಂದಿನ ಸೀಟಿನ ಪ್ರಶ್ನೆಯೇ ಇರುತ್ತಿರಲಿಲ್ಲ.

ಮಳೆಗಾಲದಲ್ಲಿ ಇವೆಲ್ಲ ಸೋಲುತ್ತಿದ್ದದ್ದು ಎರಿ ಮಣ್ಣಿಗೆ. ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ತುಂಬಿ ಗಾಲಿ ತಿರುಗದೆ ನಿಲ್ಲುತ್ತದೆ. ಇಳಿದು ಕಡ್ಡಿಯಿಂದ ಕೆತ್ತಬೇಕು, ಹತ್ತು ಹೆಜ್ಜೆ ಹೋದರೆ ಮತ್ತೆ ಅದೇ. ಹೊಲದ ದಾರಿಯವರು ಮುಂದಿನ ಮಡ್‌ಗಾರ್ಡ್ ಬಿಚ್ಚಿಯೇ ಇಟ್ಟುಬಿಡುವ ರೂಢಿ ಹೀಗೆ ಬಂತು. ಮುಖಕ್ಕೆ ಕೆಸರು ಸಿಡಿದರೂ ಚಿಂತೆಯಿಲ್ಲ, ಗಾಡಿ ನಡೆಯಲಿ ಎಂಬ ಲೆಕ್ಕಾಚಾರ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಫಟಫಟಿಯ ಸದ್ದೇ ಇಳಿಯಿತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸವಿಲ್ಲ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದಾರಿ. ಜಾಹೀರಾತುಗಳು ಹೊಗಳಿದ್ದು ಮೈಲೇಜನ್ನು. ಹಳ್ಳಿಯ ಸಂಸಾರ ಮೆಚ್ಚಿದ್ದು ಅದರ ನೇರವಾದ, ಚಪ್ಪಟೆಯಾದ, ಉದ್ದ ಸೀಟನ್ನು. ಗಂಡ, ಹೆಂಡತಿ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು. ಕಾನೂನು ಹಿಂದೆ ಒಬ್ಬರಿಗಷ್ಟೇ ಅವಕಾಶ ಕೊಡುತ್ತದೆ, ಆದರೆ ಜಾತ್ರೆಯ ದಿನ ಕಾನೂನು ಕೇಳುವವರು ಯಾರು? ಸವಾರ ಬೆನ್ನು ನೆಟ್ಟಗೆ ಇಟ್ಟು ಕೂಡುವ ಭಂಗಿ, ಮುಂದಕ್ಕೆ ಬಾಗಬೇಕಾಗಿಲ್ಲದ ಹ್ಯಾಂಡಲ್, ಜಾರದ ಸೀಟು. ಯಂತ್ರದ ಲೆಕ್ಕದಲ್ಲಿ 97 ಸಿಸಿಯ ಬಡಪಾಯಿ, ಕೂಡುವವರ ಲೆಕ್ಕದಲ್ಲಿ ಅನೇಕ ದೊಡ್ಡ ಗಾಡಿಗಳಿಗಿಂತ ಮೇಲು. ಯೆಜ್ಡಿಗೆ ಈ ಪೈಪೋಟಿಯನ್ನು ತಾಳಿಕೊಳ್ಳಲು ಆಗಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಇಷ್ಟೆಲ್ಲ ಆಗುವಾಗ ಹಿಂದೆ ಕೂತ ಹೆಣ್ಣುಮಗಳು ಏನು ಮಾಡುತ್ತಿದ್ದಳು? ಅಡ್ಡ ಕೂಡುತ್ತಿದ್ದಳು. ಎರಡೂ ಕಾಲು ಎಡಕ್ಕೆ, ಸೊಂಟ ತಿರುಚಿ ಮುಖ ಮುಂದಕ್ಕೆ, ಬಲಗೈ ಗಂಡನ ಹೆಗಲ ಮೇಲೋ ಸೀಟಿನ ಬೆಲ್ಟಿನ ಮೇಲೋ, ಎಡಗೈಯಲ್ಲಿ ಬುತ್ತಿಯ ಗಂಟು ಅಥವಾ ಕೂಸು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಈ ಭಂಗಿಯಲ್ಲಿ ನೂರು ಕಿಲೋಮೀಟರ್ ಹೋದರೆ ಬೆನ್ನಿನ ಒಂದು ಮಗ್ಗುಲಿಗೇ ಪೂರ್ತಿ ಕೆಲಸ. ಗಾಡಿ ವಾಲಿದಾಗ ತಡೆದುಕೊಳ್ಳಲು ಕಾಲಿಗೆ ಆಧಾರ ಬೇಕು, ಸೀರೆಯ ಸೆರಗು ಗಾಲಿಗೆ ಸಿಗದಂತೆ ಅಡ್ಡಿ ಬೇಕು. ಸೆರಗು ಗಾಲಿಗೆ ಸಿಕ್ಕು ಬಿದ್ದವರ ಸುದ್ದಿ ಕೇಳದ ಊರು ಇಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಈ ಹಿಂದಿನ ಸೀಟಿಗೆ ಸೇರಿದ್ದು. ಚಾಲಕನ ಸೀಟಿನ ಹಿಂದೆ ಅಥವಾ ಪಕ್ಕಕ್ಕೆ ಹಿಡಿದುಕೊಳ್ಳಲು ಖಾಯಂ ಹಿಡಿಕೆ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು ಎನ್ನುತ್ತದೆ ಆ ನಿಯಮ. ಸ್ಯಾರಿ ಗಾರ್ಡ್ ಎಂದು ನಾವು ಕರೆಯುವ ಜಾಲರಿಗೆ ಇದೇ ಬಲ. ಸೀರೆಗಾಗಿ ಮೋಟಾರು ವಾಹನದ ನಿಯಮ ಬರೆದ ದೇಶಗಳು ಹೆಚ್ಚಿರಲಾರವು. ಗಾಡಿ ಕೊಂಡ ವಾರದೊಳಗೆ ಆ ಜಾಲರಿಯನ್ನು ಬಿಚ್ಚಿ ಅಟ್ಟಕ್ಕೆ ಎಸೆಯುವ ಹುಡುಗರೂ ನಮ್ಮವರೇ. ಗಾಡಿಗೆ ಅದು ಚಂದ ಕಾಣುವುದಿಲ್ಲವಂತೆ.

ಕಂಪನಿ ಕೊಟ್ಟ ಸೀಟಿನಲ್ಲಿ ಸುಖ ಸಿಗದವರಿಗೆ ಕುಷನ್ ಅಂಗಡಿಯೇ ದಾರಿ. ವಿಜಯಪುರ, ಇಂಡಿ, ತಾಳಿಕೋಟೆ, ಯಾವ ಪೇಟೆಯ ಗ್ಯಾರೇಜ್ ಸಾಲಿನಲ್ಲಾದರೂ ಇಂಥ ಒಂದು ಅಂಗಡಿ ಕಾಣುತ್ತದೆ. ಕೆಲಸ ಬಲು ಸರಳ ಎನಿಸಿದರೂ ಕೈಚಳಕ ಬೇಕು. ಸೀಟು ಬಿಚ್ಚಿ ಬೋರಲು ಹಾಕಿ, ಅಂಚಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ರೆಗ್ಜಿನ್ ಎಳೆಯುತ್ತಾರೆ. ಒಳಗಿನ ಸ್ಪಂಜು ಮುಂದಕ್ಕೆ ಇಳಿಜಾರಾಗಿದ್ದರೆ ಹಿಂದೆ ಕೂತವರು ಜಾರಿ ಮುಂದಿನವನ ಬೆನ್ನಿಗೆ ಬೀಳುತ್ತಿರುತ್ತಾರೆ, ಆ ಇಳಿಜಾರನ್ನು ಬ್ಲೇಡಿನಿಂದ ಕೊಯ್ದು ಸಮ ಮಾಡುತ್ತಾರೆ. ಮೇಲೆ ಗಟ್ಟಿ ಸ್ಪಂಜಿನ ಒಂದು ಪದರ ಅಂಟಿಸಿ, ಅದರ ಮೇಲೆ ಮೆತ್ತನೆಯ ತೆಳು ಪದರ. ಬರಿ ಮೆತ್ತಗಿನದು ಬೇಕೆಂದು ಹಟ ಮಾಡುವ ಗಿರಾಕಿಗೆ ಅನುಭವಸ್ಥ ಕೆಲಸಗಾರ ಬೇಡವೆಂದೇ ಹೇಳುತ್ತಾನೆ. ಮೆತ್ತನೆಯ ಸ್ಪಂಜು ಅರ್ಧ ಗಂಟೆ ಹಿತ. ಆಮೇಲೆ ಭಾರಕ್ಕೆ ಕುಸಿದು ಕೆಳಗಿನ ತಗಡೇ ಕುಂಡಿ ಎಲುಬಿಗೆ ತಾಗುತ್ತದೆ. ಭಾರವನ್ನು ಎಲುಬಿನ ಎರಡು ಬಿಂದುಗಳಿಂದ ಬಿಡಿಸಿ ತೊಡೆಗೂ ಹಂಚುವುದೇ ಸೀಟಿನ ಕೆಲಸ, ಅದಕ್ಕೆ ಗಟ್ಟಿತನ ಬೇಕು.

ಅಂಗಡಿಗೆ ಹೋಗದವರು ಮನೆಯ ಉಪಾಯ ಮಾಡಿದರು. ಕರಿ ರೆಗ್ಜಿನ್ ಏಪ್ರಿಲ್ ಬಿಸಿಲಿಗೆ ರೊಟ್ಟಿಯ ಹಂಚಾಗುತ್ತದೆ. ಅದರ ಮೇಲೆ ಮಡಚಿದ ಟವೆಲ್ಲು, ಗೋಣಿತಟ್ಟು, ಇಲ್ಲವೇ ಚಿಕ್ಕ ಕೌದಿ. ಚಕ್ಕಡಿಯಿಂದ ಇಳಿದ ಕೌದಿ ಬೈಕಿನ ಮೇಲೂ ಹತ್ತಿತು. ಸಾಮಾನ್ಯವಾಗಿ ಹಿಂದಿನ ಅರ್ಧಕ್ಕೆ.

ಮೈನೋವಿನ ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ, ಅದು ನಡುಕ. ಕೂತ ಮನುಷ್ಯನ ಬೆನ್ನು ಸೆಕೆಂಡಿಗೆ 4ರಿಂದ 8 ಸಲದ ಮೇಲೆ-ಕೆಳಗಿನ ಅಲುಗಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಕಿತ್ತುಹೋದ ಡಾಂಬರಿನ ದಾರಿ ಕೊಡುವ ಅಲುಗಾಟ ಬಹಳ ಸಲ ಇದೇ ಅಳತೆಯದು. ಎಂಜಿನ್ನಿನ ನಡುಕ ಇದಕ್ಕಿಂತ ಚುರುಕು. ಅದು ಬೆನ್ನಿಗಲ್ಲ, ಹ್ಯಾಂಡಲ್ ಹಿಡಿದ ಬೆರಳಿಗೆ, ಫುಟ್‌ರೆಸ್ಟಿನ ಮೇಲಿನ ಅಂಗಾಲಿಗೆ ಜೋಮು ಹಿಡಿಸುತ್ತದೆ. ಹಳೆಯ ಬುಲೆಟ್ ಇಳಿದವರು ಕೈ ಕೊಡವಿಕೊಳ್ಳುತ್ತಿದ್ದದ್ದು ಇದಕ್ಕೇ. ಶಾಕ್‌ಅಬ್ಸಾರ್ಬರಿನ ಎಣ್ಣೆ ಸೋರಿ ವರ್ಷವಾದರೂ ಬದಲಿಸದೆ ಸೀಟಿಗೆ ಸ್ಪಂಜು ತುಂಬಿಸುವುದರಿಂದ ಹೆಚ್ಚೇನೂ ಆಗದು.

ಅಮೆರಿಕದಲ್ಲಿ ಇದೇ ಕಷ್ಟಕ್ಕೆ ದೊಡ್ಡ ಮಾರುಕಟ್ಟೆಯೇ ಬೆಳೆಯಿತು. ಹೋಂಡಾ 1975ರಲ್ಲಿ ಗೋಲ್ಡ್‌ವಿಂಗ್ ತಂದಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಗಾಳಿತಡೆ, ಪೆಟ್ಟಿಗೆಗಳು ಕಂಪನಿಯಿಂದಲೇ ಬಂದವು. ಅಲ್ಲಿನ ಐರನ್ ಬಟ್ ಎಂಬ ಸಂಘ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,600 ಕಿಲೋಮೀಟರ್, ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಆ ಸವಾರರು ಸೀಟಿನ ಮೇಲೆ ಹಾಸುವುದು ಹೆಚ್ಚಾಗಿ ಉಣ್ಣೆಯಿರುವ ಕುರಿಯ ಚರ್ಮ. ನಮ್ಮ ಕುರುಬರ ಕಂಬಳಿಗೂ ಅದಕ್ಕೂ ನಡುವೆ ದೂರ ಬಹಳವಿಲ್ಲ: ಉಣ್ಣೆ ಗಾಳಿ ಆಡಗೊಡುತ್ತದೆ, ಬೆವರು ನಿಲ್ಲಗೊಡುವುದಿಲ್ಲ.

ದಾರಿಯೂ ಬದಲಾಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಜಲಾಶಯ 2005ರಲ್ಲಿ ಮುಗಿಯಿತು. ಹಳೆಯ ಕೊಲ್ಹಾರ ಹಿನ್ನೀರಿಗೆ ಹೋಗಿ ಹೊಸ ಕೊಲ್ಹಾರ ಎದ್ದಿತು. ಈಗ ಕೊರ್ತಿ–ಕೊಲ್ಹಾರದ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ನೀರಿನ ನಡುವೆ ಬೈಕುಗಳು ಹೋಗುತ್ತವೆ. ಅಡ್ಡಗಾಳಿಗೆ ಮೈ ಬಿಗಿ ಹಿಡಿಯಬೇಕಾದ ಜಾಗ. ಮುಳವಾಡ ಏತ ನೀರಾವರಿಯ ನೀರು ಹರಿದ ಕಡೆ ಒಣ ಬಯಲಿನಲ್ಲಿ ಹಸಿರು ಕಾಣುತ್ತಿದೆ. ದೂರ ಹೋಗುವವರು ಕೊಲ್ಹಾರದಲ್ಲಿ ಇಳಿಯದೆ ಇರುವುದು ಅಪರೂಪ. ಕತ್ತರಿಸಿದಂತೆ ಬೀಳುವ ಅಲ್ಲಿನ ಗಟ್ಟಿ ಎಮ್ಮೆ ಮೊಸರು ಹೆಸರುವಾಸಿ. ಸೊಂಟಕ್ಕೆ ಆ ಹದಿನೈದು ನಿಮಿಷದ ನಿಲುಗಡೆ ಮಾಡುವ ಉಪಕಾರವನ್ನು ಯಾವ ಸೀಟೂ ಮಾಡದು. ಆದಿಲಶಾಹಿಗಳ ತಂಗುದಾಣದ ಬುದ್ಧಿ ತಪ್ಪಾಗಿರಲಿಲ್ಲ.

ಹೊಸ ಕಾಲದ ಗಾಡಿಗಳಲ್ಲಿ ಸುಖ ಹೆಚ್ಚಿದೆಯೇ? ಮುಂದೆ ಕೂತವನಿಗೆ ಹೌದು. 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಬಂದಾಗ ಹಳೆಯ ಸ್ಪ್ರಿಂಗ್ ಸೀಟನ್ನು ಮತ್ತೆ ತಂದರು, ಅದೂ ಒಬ್ಬನಿಗೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದವು. ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀತಂಪುರದಿಂದ. ಹಿಂದಿನ ಸೀಟು ಮಾತ್ರ ಹಲವು ಹೊಸ ಮಾದರಿಗಳಲ್ಲಿ ಎತ್ತರಕ್ಕೆ ಏರಿ, ಕಿರಿದಾಗಿ, ಹಿಂದಕ್ಕೆ ಚೂಪಾಗಿದೆ. ಅಡ್ಡ ಕೂಡುವುದು ದೂರ ಉಳಿಯಿತು, ನೆಟ್ಟಗೆ ಕೂತವರಿಗೂ ಹಿಡಿಯಲು ಏನೂ ಸಿಗದು. ಕರ್ನಾಟಕ ಸರ್ಕಾರ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಅವರ ತಲೆಯ ಬಗ್ಗೆ ಯೋಚಿಸಿದ್ದಾಯಿತು. ಸೊಂಟದ ಬಗ್ಗೆ ಗಾಡಿ ಮಾಡುವವರು ಯೋಚಿಸಬೇಕಷ್ಟೇ.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿ ಒಂದು ಉಪಾಯವಿದೆ. ಹೊಸ ಗಾಡಿ ನೋಡಲು ಶೋರೂಮಿಗೆ ಹೋಗುವಾಗ ಹಿಂದೆ ಕೂಡಬೇಕಾದವರನ್ನೂ ಕರೆದುಕೊಂಡು ಹೋಗಿ. ಅವ್ವನೋ, ಹೆಂಡತಿಯೋ, ತಂಗಿಯೋ, ಅವರು ಉಡುವ ಬಟ್ಟೆಯಲ್ಲೇ. ಹತ್ತು ಕಿಲೋಮೀಟರ್ ಸುತ್ತಾಡಿಸಿ, ಹಿಡಿಕೆ ಕೈಗೆ ಎಟಕುತ್ತದೆಯೇ, ಕಾಲು ನಿಲ್ಲುತ್ತದೆಯೇ, ಜಾಲರಿ ಗಟ್ಟಿಯಾಗಿದೆಯೇ ಎಂದು ಅವರನ್ನೇ ಕೇಳಿ. ಬೇಡವೆಂದರೆ ಬೇರೆ ಗಾಡಿ ನೋಡಿ.